ಸುಂಕದವನ ಲೆಕ್ಕ: ಹಿಮಾಯತ್‌ನಗರದಿಂದ ಕಲಬುರಗಿವರೆಗೆ

ಇವತ್ತಿನ ಮಾತು ನಮ್ಮೆಲ್ಲರ ಕಾರಿನ ಗಾಜಿಗೆ ಅಂಟಿರೋ ಒಂದು ಸ್ಟಿಕರ್ ಬಗ್ಗೆ. ಫಾಸ್ಟ್ಯಾಗ್. ಅದರ ಬಗ್ಗೆ ಮಾತಾಡೋಕೆ ಏನಿದೆ, ದುಡ್ಡು ಕಟ್ ಆಗುತ್ತೆ, ಮೆಸೇಜ್ ಬರುತ್ತೆ, ಮುಗೀತು ಅಂತ ನೀವು ಅನ್ನಬಹುದು. ನಾನೂ ಹಾಗೇ ಅಂದ್ಕೊಂಡಿದ್ದೆ. ಕಳೆದ ವರ್ಷ ಫೆಬ್ರವರಿಯಲ್ಲಿ ಅಪ್ಪನ ವರ್ಷಾಂತಿಕಕ್ಕೆ ಕಲಬುರಗಿಗೆ ಹೋದಾಗ ಅಕ್ಕ ಒಂದು ಮಾತು ಅಂದಳು. ಆ ಮಾತಿನಿಂದ ನಾನು ಐದು ವರ್ಷದ ಟೋಲ್ ಲೆಕ್ಕವನ್ನು ಬಿಚ್ಚಿ ಕೂತೆ. ಬಿಚ್ಚಿದ ಮೇಲೆ ಸಾವಿರಾರು ವರ್ಷ ಹಿಂದಕ್ಕೆ ಹೋಗಬೇಕಾಯಿತು.

ಅಕ್ಕ ಅಂದಿದ್ದು ಇಷ್ಟೇ: "ಅಪ್ಪ ಮಲಗಿದಾಗ ನೀ ಎಷ್ಟ್ ಸಲ ಬಂದಿಯಪಾ? ಎಲ್ಲಾ ನಾನೇ ಮಾಡಿದ್ನಿ."

ನನಗೆ ಸಿಟ್ಟು ಬಂತು. ಅಪ್ಪನಿಗೆ ಲಕ್ವಾ ಹೊಡೆದದ್ದು 2023ರ ಜೂನ್‌ನಲ್ಲಿ, ತೀರಿಕೊಂಡದ್ದು 2024ರ ಫೆಬ್ರವರಿಯಲ್ಲಿ. ಆ ಒಂಬತ್ತು ತಿಂಗಳು ನಾನು ತಿಂಗಳಿಗೆ ಎರಡು ಸಲವಾದರೂ ಹೈದರಾಬಾದಿನಿಂದ ಗಾಡಿ ಓಡಿಸಿಕೊಂಡು ಬಂದಿದ್ದೆ ಅಂತ ನನಗೆ ಖಾತ್ರಿ ಇತ್ತು. ಬಾಯಿ ಮಾತು ಯಾಕೆ, ಲೆಕ್ಕಾನೇ ತೋರಿಸೋಣ ಅಂದ್ಕೊಂಡೆ. ಟೋಲ್ ಗೇಟಿನ ಲೆಕ್ಕ ಸುಳ್ಳು ಹೇಳಲ್ಲವಲ್ಲ.

ಬರೆದಿಟ್ಟವರು ನಾವಲ್ಲ

ಈ ಲೆಕ್ಕವನ್ನು ಯಾರು, ಯಾವಾಗ, ಯಾಕೆ ಬರೆಯೋಕೆ ಶುರು ಮಾಡಿದರು? ಇದಕ್ಕೆ ಉತ್ತರ ಹುಡುಕಿದರೆ ಮೊದಲು ಸಿಗೋದು ನಮ್ಮ ಮೈಸೂರು. 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಗ್ರಂಥಪಾಲಕರಾಗಿದ್ದ ಆರ್. ಶಾಮಾಶಾಸ್ತ್ರಿಗಳ ಕೈಗೆ ತಾಳೆಗರಿಯ ಒಂದು ಕಟ್ಟು ಸಿಕ್ಕಿತು. ಅದು ಕೌಟಿಲ್ಯನ ಅರ್ಥಶಾಸ್ತ್ರ. 1909ರಲ್ಲಿ ಅವರು ಅದನ್ನು ಅಚ್ಚು ಹಾಕಿಸಿದರು. ಅಲ್ಲಿವರೆಗೆ ಹೆಸರಷ್ಟೇ ಕೇಳಿದ್ದ ಪುಸ್ತಕ ಜಗತ್ತಿಗೆ ಸಿಕ್ಕಿದ್ದು ಮೈಸೂರಿನಿಂದ.

ಅದರ ಎರಡನೇ ಅಧಿಕರಣದಲ್ಲಿ ಶುಲ್ಕಾಧ್ಯಕ್ಷ ಅನ್ನೋ ಅಧಿಕಾರಿಯ ಕೆಲಸದ ವಿವರ ಇದೆ. ಊರಿನ ದೊಡ್ಡ ಬಾಗಿಲ ಹತ್ತಿರ ಸುಂಕದ ಮನೆ ಇರಬೇಕು, ಅದಕ್ಕೆ ಬಾವುಟ ಇರಬೇಕು. ನಾಲ್ಕೈದು ಜನ ಸುಂಕ ಎತ್ತೋರು ಅಲ್ಲಿ ಕೂತು, ಬಂದ ವ್ಯಾಪಾರಿಗಳ ನಾಲ್ಕು ವಿಷಯ ಬರೆದುಕೊಳ್ಳಬೇಕು: ಇವರು ಯಾರು, ಎಲ್ಲಿಂದ ಬಂದರು, ಎಷ್ಟು ಸರಕು ತಂದಿದ್ದಾರೆ, ಇವರಿಗೆ ಮುದ್ರೆ ಒತ್ತಿದ್ದು ಎಲ್ಲಿ.

ಈಗ ನಿಮ್ಮ ಫಾಸ್ಟ್ಯಾಗ್ ಸ್ಟೇಟ್‌ಮೆಂಟ್ ತೆಗೆದು ನೋಡಿ. ಗಾಡಿ ನಂಬರ್, ಟೋಲ್ ಪ್ಲಾಜಾ ಹೆಸರು, ಗಾಡಿ ಯಾವ ವರ್ಗದ್ದು, ಟ್ಯಾಗ್ ಕೊಟ್ಟ ಬ್ಯಾಂಕ್ ಯಾವುದು. ಅದೇ ನಾಲ್ಕು ಪ್ರಶ್ನೆ.

ನಾನು ಬೆರಗಾಗಿದ್ದು ಮುಂದಿನ ಮಾತಿಗೆ. ಗಡಿಯಲ್ಲಿ ಅಂತಪಾಲ ಅನ್ನೋನು ಸರಕು ನೋಡಿ ಮುದ್ರೆ ಒತ್ತಿ ಕಳಿಸಬೇಕು. ಮುದ್ರೆ ಇಲ್ಲದೆ ಬಂದರೆ ಸುಂಕ ಎರಡು ಪಟ್ಟು. ಮುದ್ರೆ ಖೋಟಾ ಆಗಿದ್ದರೆ ಎಂಟು ಪಟ್ಟು. 2021ರ ಫೆಬ್ರವರಿ ಮಧ್ಯದಿಂದ ನಮ್ಮ ಹೆದ್ದಾರಿಗಳಲ್ಲಿ ಬಂದ ನಿಯಮ ಏನು? ಟ್ಯಾಗ್ ಇಲ್ಲದಿದ್ದರೆ ಎರಡು ಪಟ್ಟು. 2025ರ ನವೆಂಬರ್ 15ರಿಂದ ಅದಕ್ಕೆ ಸ್ವಲ್ಪ ಸಡಿಲ ಸಿಕ್ಕಿದೆ, ಯುಪಿಐ ಮಾಡಿದರೆ ಒಂದೂಕಾಲು ಪಟ್ಟು. ನಗದು ಕೊಟ್ಟರೆ ಆಗಲೂ ಕೌಟಿಲ್ಯನ ಲೆಕ್ಕವೇ ಇತ್ತು.

ಅಂತಪಾಲ ಎತ್ತೋ ಹಣಕ್ಕೆ ವರ್ತನಿ ಅಂತ ಹೆಸರು, ಅಂದರೆ ದಾರಿಯ ತೆರಿಗೆ. ಸರಕು ತುಂಬಿದ ಹೊರೆಗೆ ಒಂದೂಕಾಲು ಪಣ, ಕುದುರೆ ಕತ್ತೆಯಂಥ ಒಂಟಿ ಗೊರಸಿನ ಪ್ರಾಣಿಗೆ ಒಂದು ಪಣ, ದನಕ್ಕೆ ಅರ್ಧ, ಸಣ್ಣ ಪ್ರಾಣಿಗೆ ಕಾಲು, ತಲೆಹೊರೆಗೆ ಒಂದು ಮಾಷ. ಕಾರಿಗೊಂದು, ಬಸ್ಸಿಗೊಂದು, ಮೂರು ಆಕ್ಸಲ್ ಲಾರಿಗೊಂದು ದರ ಅಂತ ಬೋರ್ಡು ಹಾಕಿರ್ತಾರಲ್ಲ, ಅದರ ಮುತ್ತಜ್ಜ ಇದು. ಜೊತೆಗೆ ಅಂತಪಾಲನ ಮೇಲೆ ಒಂದು ಜವಾಬ್ದಾರಿ ಕೂಡ ಇತ್ತು. ಅವನ ಸೀಮೆಯಲ್ಲಿ ವ್ಯಾಪಾರಿಯ ಸರಕು ಕಳೆದುಹೋದರೆ ಅಥವಾ ಕಳುವಾದರೆ ಅವನೇ ತುಂಬಿಕೊಡಬೇಕು. ವರ್ತನಿ ಅಂದರೆ ಕಾಪಾಡೋದಕ್ಕೆ ಕೊಡೋ ಹಣ. ನಾನಿರೋ ಬಡಾವಣೆಯ ಹೆಸರಿನಲ್ಲೇ ಆ ಅರ್ಥ ಇದೆ. ಹಿಮಾಯತ್ ಅಂದರೆ ಉರ್ದುವಿನಲ್ಲಿ ರಕ್ಷಣೆ, ಬೆಂಬಲ. ಏಳನೇ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರ ಹಿರಿ ಮಗ ಆಜಮ್ ಜಾಹನ ಹೆಸರು ಹಿಮಾಯತ್ ಅಲಿ ಖಾನ್. ಹಿಮಾಯತ್‌ನಗರವೂ ಅವನ ಹೆಸರಿನದೇ, ಹಿಮಾಯತ್ ಸಾಗರವೂ ಅವನ ಹೆಸರಿನದೇ.

ಸುಂಕದ ಬಂಕಣ್ಣನ ಸೀಮೆ

ಹೈದರಾಬಾದಿನಿಂದ ಕಲಬುರಗಿಗೆ ನನ್ನ ದಾರಿ ಪಟಾಂಚೆರು, ಜಹೀರಾಬಾದ್, ಹುಮನಾಬಾದ್. ಹುಮನಾಬಾದ್‌ವರೆಗೆ ರಾಷ್ಟ್ರೀಯ ಹೆದ್ದಾರಿ 65, ಪುಣೆಯಿಂದ ಮಚಲೀಪಟ್ಟಣಕ್ಕೆ ಹೋಗೋ ಹಳೇ 9ನೇ ನಂಬರಿನ ರಸ್ತೆ. ಅಲ್ಲಿ ಎಡಕ್ಕೆ ತಿರುಗದೆ ನೇರ ಹೋದರೆ ಬಸವಕಲ್ಯಾಣದ ದಾರಿ. ಹನ್ನೆರಡನೇ ಶತಮಾನದಲ್ಲಿ ಆ ಕಲ್ಯಾಣದ ಶರಣರ ನಡುವೆ ಒಬ್ಬ ಸುಂಕದವನಿದ್ದ, ಸುಂಕದ ಬಂಕಣ್ಣ. ವಚನ ಬರೆದ, ಅವನ ಅಂಕಿತ ಬಂಕೇಶ್ವರಲಿಂಗ. ನೇಯುವವರು, ದೋಣಿ ನಡೆಸುವವರು, ಕಟ್ಟಿಗೆ ಮಾರುವವರ ಜೊತೆಗೆ ಟೋಲ್ ಎತ್ತುವವನೂ ಕವಿಯಾಗಿದ್ದ ಕಾಲ ಅದು.

ಚಾಲುಕ್ಯರ ಕಾಲದ ಕನ್ನಡ ಶಾಸನಗಳಲ್ಲಿ ಸುಂಕದ ಮಾತು ತುಂಬಾ ಬರುತ್ತೆ. ಪೆರ್ಜುಂಕ ಅಂದರೆ ದೊಡ್ಡ ಸುಂಕ. ವಡ್ಡರಾವುಳ, ಬಿಲ್ಕೊಡೆ ಅಂತ ಬೇರೆ ಬೇರೆ ಬಾಬ್ತು. ಅದನ್ನ ನೋಡಿಕೊಳ್ಳೋಕೆ ಸುಂಕದ ಹೆಗ್ಗಡೆ. ಸರಕಿನ ಅಳತೆ ಹೇರು, ಅಂದರೆ ಎತ್ತಿನ ಬೆನ್ನ ಮೇಲೆ ಹೇರೋ ಹೊರೆ. ಅಯ್ಯಾವೊಳೆಯ ಐನೂರ್ವರಂಥ ವ್ಯಾಪಾರಿ ಸಂಘಗಳು ಈ ದಾರಿಗಳಲ್ಲೇ ಓಡಾಡುತ್ತಿದ್ದವು.

ಆದರೆ ಒಂದು ಗಮನಿಸಿ. ಈ ಶಾಸನಗಳು ಸುಂಕದ ಕಟ್ಟೆಯ ದಿನದ ಲೆಕ್ಕ ಅಲ್ಲ. ಯಾವುದೋ ದೇವಸ್ಥಾನಕ್ಕೆ ಇಷ್ಟು ಸುಂಕವನ್ನು ಬಿಟ್ಟುಕೊಟ್ಟೆವು, ಹೇರಿಗೆ ಇಷ್ಟು ಎಲೆ ಕೊಟ್ಟೆವು ಅನ್ನೋ ದಾನದ ಮಾತು ಮಾತ್ರ ಕಲ್ಲಿಗೆ ಏರಿತು. ಯಾವ ದಿನ ಯಾರು ಎಷ್ಟು ಎತ್ತು ಹೊಡಕೊಂಡು ಹೋದರು ಅಂತ ಬರೆದ ಓಲೆ, ಕಡತ ಎಲ್ಲಾ ಹೋಯಿತು. ಸುಂಕ ಪಡೆದವನ ಹೆಸರು ಉಳಿಯಿತು, ಸುಂಕ ಬಿಟ್ಟವನ ಹೆಸರು ಉಳಿಯಿತು, ಸುಂಕ ಕೊಟ್ಟು ದಾಟಿಹೋದವನ ಹೆಸರು ಉಳಿಯಲಿಲ್ಲ. ಈ ಮಾತನ್ನ ನೆನಪಲ್ಲಿಟ್ಟುಕೊಳ್ಳಿ, ಕೊನೆಗೆ ಬೇಕಾಗುತ್ತೆ.

ವಿಜಯನಗರದ ಕಾಲಕ್ಕೆ ಬಂದರೆ, 1530ರ ದಶಕದಲ್ಲಿ ಅಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವೊ ನೂನಿಜ್ ಒಂದು ವಿಷಯ ಬರೆದಿದ್ದಾನೆ. ರಾಜಧಾನಿಯ ಒಂದು ಮುಖ್ಯ ಬಾಗಿಲನ್ನು ವರ್ಷಕ್ಕೆ 12,000 ಪರ್ದಾವ್‌ಗೆ ಗುತ್ತಿಗೆ ಕೊಟ್ಟಿದ್ದರಂತೆ. ಗುತ್ತಿಗೆದಾರರು ಕೇಳಿದಷ್ಟು ಕೊಡದೆ ಯಾರೂ ಒಳಗೆ ಹೋಗೋ ಹಾಗಿರಲಿಲ್ಲ. ಊರಿನವನಾದರೂ ಅಷ್ಟೇ, ಪರದೇಶಿಯಾದರೂ ಅಷ್ಟೇ. ಇದನ್ನ ಓದಿದಾಗ ನನಗೆ ನೆನಪಾಗಿದ್ದು ನಮ್ಮ ಔಟರ್ ರಿಂಗ್ ರೋಡ್. 158 ಕಿಲೋಮೀಟರ್ ಉದ್ದದ ಆ ರಸ್ತೆಯ ಟೋಲನ್ನು 2023ರಲ್ಲಿ 30 ವರ್ಷಕ್ಕೆ ಖಾಸಗಿ ಕಂಪನಿಗೆ ಕೊಟ್ಟರು, 7,380 ಕೋಟಿ ರೂಪಾಯಿಗೆ. ಬಾಗಿಲ ಗುತ್ತಿಗೆ ಹೊಸ ಪದ್ಧತಿ ಏನಲ್ಲ.

ರಹದಾರಿ ಅಂದರೆ ಏನು?

ಹೈದರಾಬಾದಿಗೆ ಹೊಸದಾಗಿ ಬಂದಾಗ ನನ್ನನ್ನ ತಬ್ಬಿಬ್ಬು ಮಾಡಿದ ಪದ ಇದು. ನಮ್ಮ ಕಡೆ ರಹದಾರಿ ಅಂದರೆ ಪರವಾನಗಿ ಚೀಟಿ, ಪಾಸು. ತೆಲುಗಿನಲ್ಲಿ ರಹದಾರಿ ಅಂದರೆ ರಸ್ತೆಯೇ. ಜಾತೀಯ ರಹದಾರಿ ಅಂತ ಬೋರ್ಡು ನೋಡಿ, ಇದೇನು ರಾಷ್ಟ್ರೀಯ ಪಾಸು ಅಂತ ನಕ್ಕಿದ್ದೆ.

ಪದದ ಮೂಲ ಫಾರ್ಸಿ. ರಾಹ್ ಅಂದರೆ ದಾರಿ. ಮೊಗಲರ ಕಾಲದಲ್ಲಿ ರಾಹದಾರಿ ಅಂದರೆ ದಾರಿಯಲ್ಲಿ ಎತ್ತೋ ಸುಂಕ. ದಾರಿ ಕಾಯೋ ನೆಪದಲ್ಲಿ ವ್ಯಾಪಾರಿಗಳಿಂದ ವಸೂಲಿ. ಔರಂಗಜೇಬ ಅದನ್ನ ರದ್ದು ಮಾಡಿದ ಅಂತ ಹುಕುಂ ಇದೆ, ಆದರೆ ನೆಲದ ಮೇಲೆ ವಸೂಲಿ ನಿಲ್ಲಲಿಲ್ಲ. ಆಮೇಲೆ ಆ ಪದ ಎರಡಾಗಿ ಒಡೆಯಿತು. ತೆಲುಗು ದಾರಿಯನ್ನ ಇಟ್ಟುಕೊಂಡಿತು, ಕನ್ನಡ ಚೀಟಿಯನ್ನ ಇಟ್ಟುಕೊಂಡಿತು. ದುಡ್ಡಿನ ಅರ್ಥ ಇಬ್ಬರಿಗೂ ಮರೆತುಹೋಯಿತು, ವಸೂಲಿ ಮಾತ್ರ ಯಾರಿಗೂ ಮರೆಯಲಿಲ್ಲ.

ನಿಜಾಮರ ಸಂಸ್ಥಾನದಲ್ಲಿ ಸುಂಕದ ಇಲಾಖೆಗೆ ಕರೋಡಗಿರಿ ಅಂತ ಹೆಸರಿತ್ತು. 1802ರಲ್ಲಿ ಇಂಗ್ಲಿಷರ ಜೊತೆ ಆದ ವ್ಯಾಪಾರ ಒಪ್ಪಂದದಲ್ಲಿ ಸರಕಿನ ಸುಂಕ ಶೇಕಡಾ 5 ಅಂತ ನಿಂತಿತು. ಗಡಿಯಲ್ಲಿ ಕರೋಡಗಿರಿ ನಾಕಾ. ನಾಣ್ಯವೂ ಬೇರೆ, ಇಲ್ಲಿ ಹಾಲಿ ಸಿಕ್ಕ, ಆಚೆ ಕಲ್ದಾರ್. ಸುಮಾರು ಏಳು ಹಾಲಿಗೆ ಆರು ಕಲ್ದಾರ್.

ನಮ್ಮ ಅಜ್ಜ ಕಲಬುರಗಿಯ ಬಟ್ಟೆ ಅಂಗಡಿಯೊಂದರಲ್ಲಿ ಗುಮಾಸ್ತ. ಸೊಲ್ಲಾಪುರದಿಂದ ಸರಕು ತರಬೇಕಾದರೆ ಗಡಿಯಲ್ಲಿ ಗಂಟು ಬಿಚ್ಚಿ ತೋರಿಸಬೇಕಿತ್ತಂತೆ. "ಹೈದ್ರಾಬಾದ್ ನಮ್ಮೂರು, ಸೊಲ್ಲಾಪುರ ಪರದೇಶ" ಅಂತ ಅವರು ಹೇಳ್ತಿದ್ದರು. ಕಲಬುರಗಿ, ರಾಯಚೂರು, ಬೀದರ್‌ನ ಕನ್ನಡಿಗನಿಗೆ ಹೈದರಾಬಾದ್ ಆಗ ರಾಜಧಾನಿ. ಓದೋಕೆ, ಕೋರ್ಟಿಗೆ, ನೌಕರಿಗೆ ಇಲ್ಲಿಗೇ ಬರಬೇಕು. ಕಾಚಿಗುಡದಲ್ಲಿ ಕರ್ನಾಟಕ ಸಾಹಿತ್ಯ ಮಂದಿರ, ನೃಪತುಂಗ ಶಾಲೆ ಹುಟ್ಟಿಕೊಂಡಿದ್ದೂ ಹಾಗೆ ಬಂದ ಜನರಿಂದಲೇ. ಹಿಮಾಯತ್‌ನಗರದ ನಮ್ಮ ಮನೆಯಿಂದ ನಾರಾಯಣಗುಡ ದಾಟಿದರೆ ಕಾಚಿಗುಡ ಎಷ್ಟು ಹೊತ್ತಿನ ದಾರಿ!

1948ರ ಸೆಪ್ಟೆಂಬರ್‌ನಲ್ಲಿ ಸಂಸ್ಥಾನ ಭಾರತಕ್ಕೆ ಸೇರಿತು. ಆದರೂ ಕರೋಡಗಿರಿ ಒಂದೇ ದಿನಕ್ಕೆ ಹೋಗಲಿಲ್ಲ. ಹಳೇ ಸಂಸ್ಥಾನಗಳು ಇಂಥ ಸುಂಕವನ್ನು ಸ್ವಲ್ಪ ಕಾಲ ಮುಂದುವರಿಸಬಹುದು ಅಂತ ಸಂವಿಧಾನದ 306ನೇ ವಿಧಿಯೇ ಅವಕಾಶ ಕೊಟ್ಟಿತ್ತು. ಆ ವಿಧಿ 1956ರ ಏಳನೇ ತಿದ್ದುಪಡಿಯಲ್ಲಿ ರದ್ದಾಯಿತು. ಅದೇ ವರ್ಷ ನವೆಂಬರ್ 1ಕ್ಕೆ ರಾಜ್ಯಗಳು ಮರುವಿಂಗಡಣೆ ಆದವು. ಅಜ್ಜ ಕೂತಲ್ಲೇ ಕೂತಿದ್ದರು, ಅವರ ರಾಜಧಾನಿ ಬೆಂಗಳೂರಿಗೆ ಹೋಯಿತು. ಹೈದರಾಬಾದ್ ಬೇರೆ ರಾಜ್ಯವಾಯಿತು. ಅಜ್ಜನಿಗೆ ತನ್ನೂರಾಗಿದ್ದ ಊರಿನಲ್ಲಿ ಮೊಮ್ಮಗ ನಾನು ಕೆಎ-32 ಪ್ಲೇಟಿನ ಪರಸ್ಥಳದವನು.

ಊರೊಳಗಿನ ಸುಂಕವೂ ಇತ್ತು. ನಮ್ಮ ಕಡೆ ಜಕಾತಿ ನಾಕಾ ಅಂತಿದ್ದರು. ಕರ್ನಾಟಕ 1979ರಲ್ಲಿ ಆಕ್ಟ್ರಾಯ್ ತೆಗೆದು ಪ್ರವೇಶ ತೆರಿಗೆ ತಂದಿತು. 2017ರ ಜುಲೈ 1ರಂದು ಜಿಎಸ್‌ಟಿ ಬಂದು ಅದೂ ಹೋಯಿತು. ಕಟ್ಟೆ ಹೋದರೂ ಹೆಸರು ಉಳಿಯುತ್ತೆ. ಬೆಂಗಳೂರಿನ ಮಾಗಡಿ ರಸ್ತೆಯ ಸುಂಕದಕಟ್ಟೆಯಲ್ಲಿ ಬಾಡಿಗೆಗಿದ್ದ ನಿಮ್ಮಲ್ಲಿ ಎಷ್ಟು ಜನ ಆ ಹೆಸರಿನ ಅರ್ಥ ಯೋಚಿಸಿದ್ದೀರಿ?

ಟ್ಯಾಗ್ ಬಂದ ಬಗೆ

ಈಗಿನ ಟೋಲಿನ ಕಥೆ 1995ರಿಂದ ಶುರು ಅನ್ನಬಹುದು. ಆ ವರ್ಷ ರಾಷ್ಟ್ರೀಯ ಹೆದ್ದಾರಿ ಕಾಯಿದೆಗೆ ತಿದ್ದುಪಡಿ ತಂದು, ಖಾಸಗಿಯವರು ರಸ್ತೆ ಮಾಡಿ ಟೋಲ್ ಎತ್ತಬಹುದು ಅಂದರು. 2008ರಲ್ಲಿ ದರದ ನಿಯಮ ಬಂತು. ಕಾರಿಗೆ ಕಿಲೋಮೀಟರಿಗೆ 65 ಪೈಸೆ ಮೂಲ ದರ, ಪ್ರತಿ ಏಪ್ರಿಲ್ 1ಕ್ಕೆ ಏರಿಕೆ, 24 ಗಂಟೆಯೊಳಗೆ ವಾಪಸ್ ಬಂದರೆ ಎರಡೂ ಸೇರಿ ಒಂದೂವರೆ ಪಟ್ಟು.

2010ರಲ್ಲಿ ನಂದನ್ ನಿಲೇಕಣಿ ನೇತೃತ್ವದ ಸಮಿತಿ, ಬ್ಯಾಟರಿ ಬೇಡದ ಆರ್‌ಎಫ್‌ಐಡಿ ಟ್ಯಾಗ್ ಸಾಕು ಅಂತ ಶಿಫಾರಸು ಮಾಡಿತು. ಗೇಟಿನ ಮೇಲಿನ ಯಂತ್ರ ರೇಡಿಯೋ ಅಲೆ ಬಿಡುತ್ತೆ, ಆ ಅಲೆಯ ಶಕ್ತಿಯಲ್ಲೇ ಟ್ಯಾಗ್ ಎಚ್ಚರಾಗಿ ತನ್ನ ನಂಬರ್ ಹೇಳುತ್ತೆ. 2014ರಲ್ಲಿ ಅಹಮದಾಬಾದ್–ಮುಂಬೈ ದಾರಿಯಲ್ಲಿ ಪ್ರಯೋಗ. 2017ರ ಡಿಸೆಂಬರ್‌ನಿಂದ ಹೊಸ ಕಾರಿಗೆ ಕಡ್ಡಾಯ. ಹೊರದೇಶದಲ್ಲಿ ಇದು 1980ರ ದಶಕದಲ್ಲೇ ನಾರ್ವೆಯಲ್ಲಿ ಶುರುವಾಗಿತ್ತು.

ನಾನು ಟ್ಯಾಗ್ ಹಾಕಿಸಿದ್ದು 2019ರ ಡಿಸೆಂಬರ್‌ನಲ್ಲಿ. ಅದಕ್ಕೆ ಮುಂಚೆ ನಗದು ಕೊಟ್ಟಾಗ ಚಿಲ್ಲರೆ ಬದಲು ಚಾಕಲೇಟ್ ಕೊಡ್ತಿದ್ದರು, ನೆನಪಿದೆಯಾ? ಮಂಗಲಗಿ ಟೋಲಿನಲ್ಲಿ ಕೆಎ ಪ್ಲೇಟ್ ನೋಡಿ "ಊರಿಗಾ ಅಣ್ಣಾರ?" ಅಂತ ಕೇಳೋ ಹುಡುಗ ಒಬ್ಬನಿದ್ದ. ಟ್ಯಾಗ್ ಬಂದ ಮೇಲೆ ಗಾಜು ಇಳಿಸೋ ಕೆಲಸವೇ ಇಲ್ಲ.

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ ಅಂತ ಗಾದೆ ಇದೆಯಲ್ಲ. ಅವನಿಗೆ ನಿನ್ನ ಕಷ್ಟ ಬೇಡ, ಅವನ ಕಾಸು ಬೇಕು ಅಂತ ಅರ್ಥ. ಈಗ ಸುಂಕದವನೇ ಕಾಣೋದಿಲ್ಲ. ಹೇಳಿಕೊಳ್ಳೋಣ ಅಂದರೂ ಎದುರಿಗೆ ಯಾರೂ ಇಲ್ಲ.

ಐದು ವರ್ಷದ ಲೆಕ್ಕ ಜೋಡಿಸಿದ್ದು

ಸರಿ, ಅಕ್ಕನ ಮಾತಿಗೆ ಬರ್ತೀನಿ. ಹೈದರಾಬಾದಿಗೆ ವಾಪಸ್ ಬಂದು ಶನಿವಾರ ಕೂತೆ. ನನ್ನ ಬ್ಯಾಂಕಿನ ಪೋರ್ಟಲ್ ಒಂದು ಸಲಕ್ಕೆ ಮೂರು ತಿಂಗಳ ಲೆಕ್ಕ ಮಾತ್ರ ಕೊಡ್ತಿತ್ತು. ಇಪ್ಪತ್ತೊಂದು ಫೈಲ್ ಇಳಿಸಿ ಒಂದೇ ಹಾಳೆಗೆ ತಂದೆ. ನೀವೂ ಮಾಡೋದಾದರೆ ನಾನು ಎಡವಿದ ಜಾಗ ಹೇಳ್ತೀನಿ.

ಮೊದಲನೇದು, ಎರಡು ಸಮಯ ಇರುತ್ತೆ. ಗೇಟಿನಲ್ಲಿ ಟ್ಯಾಗ್ ಓದಿದ ಸಮಯ ಒಂದು, ಖಾತೆಯಿಂದ ದುಡ್ಡು ಹೋದ ಸಮಯ ಇನ್ನೊಂದು. ಪ್ಲಾಜಾದ ಕಂಪ್ಯೂಟರಿನಿಂದ ಪ್ಲಾಜಾದ ಬ್ಯಾಂಕಿಗೆ, ಅಲ್ಲಿಂದ ಎನ್‌ಪಿಸಿಐಗೆ, ಅಲ್ಲಿಂದ ನಿಮ್ಮ ಬ್ಯಾಂಕಿಗೆ ಹೋಗೋ ದಾರಿಯಲ್ಲಿ ತಡ ಆಗಬಹುದು. ಓದಿದ ಸಮಯವನ್ನೇ ಹಿಡಿಯಿರಿ. ಇಲ್ಲಾಂದರೆ ಮನೆಯಲ್ಲಿ ಮಲಗಿದ್ದ ಹೊತ್ತಿಗೆ ಟೋಲ್ ದಾಟಿದ ಹಾಗೆ ಕಾಣುತ್ತೆ.

ಎರಡನೇದು, ಒಂದೇ ಪ್ಲಾಜಾದ ಹೆಸರು ಎರಡು ಮೂರು ಥರ ಬರೆದಿರ್ತಾರೆ. ಹೆಸರನ್ನ ನೀವೇ ಒಂದು ಮಾಡಿಕೊಳ್ಳಿ. ಬೆಂಗಳೂರಿಗೆ 44ನೇ ಹೆದ್ದಾರಿ ಹಿಡಿದರೆ ರಾಯ್ಕಲ್, ಶಾಖಾಪುರ, ಪುಲ್ಲೂರು, ಅಮಕತಾಡು, ಕಾಸೇಪಲ್ಲಿ, ಮರೂರು, ಬಾಗೇಪಲ್ಲಿ, ದೇವನಹಳ್ಳಿ. ಈ ಕ್ರಮ ಗೊತ್ತಿದ್ದರೆ ಹೋಗಿದ್ದಾ ಬಂದಿದ್ದಾ ಅಂತ ಸಾಲು ನೋಡಿದ ಕೂಡಲೇ ತಿಳಿಯುತ್ತೆ.

ಮೂರನೇದು, ಔಟರ್ ರಿಂಗ್ ರೋಡಿನಲ್ಲಿ ಹತ್ತಿದ ಜಾಗ, ಇಳಿದ ಜಾಗದ ಲೆಕ್ಕ. ಅದು ರಾಷ್ಟ್ರೀಯ ಹೆದ್ದಾರಿ ಅಲ್ಲ. ಹಾಗಾಗಿ 2025ರ ಆಗಸ್ಟ್ 15ರಿಂದ ಬಂದ, ಆಗ 3,000 ರೂಪಾಯಿ ಇದ್ದ, 200 ಟ್ರಿಪ್ಪಿನ ವಾರ್ಷಿಕ ಪಾಸು ಅಲ್ಲಿ ನಡೆಯೋದಿಲ್ಲ. ಆ ಪಾಸಿನಲ್ಲಿ ಸಾಮಾನ್ಯ ಹೆದ್ದಾರಿಯ ಒಂದೊಂದು ಪ್ಲಾಜಾ ಒಂದೊಂದು ಟ್ರಿಪ್ಪು ಅನ್ನೋದೂ ಗೊತ್ತಿರಲಿ.

ನಾಲ್ಕನೇದು, ಒಂದೇ ದಾಟಿಗೆ ಎರಡು ಸಲ ಕಟ್ ಆಗಿದ್ದರೆ ಟ್ಯಾಗ್ ಕೊಟ್ಟ ಬ್ಯಾಂಕಿಗೆ ಟ್ರಾನ್ಸಾಕ್ಷನ್ ನಂಬರ್ ಸಮೇತ ಬರೆಯಿರಿ. ಹೆದ್ದಾರಿಯ ದೂರು, ಆಂಬುಲೆನ್ಸ್, ಕ್ರೇನ್ ಎಲ್ಲದಕ್ಕೂ 1033. ಅಂತಪಾಲನ ಜವಾಬ್ದಾರಿಯಲ್ಲಿ ಉಳಿದಿರೋದು ಇಷ್ಟು, ಅದನ್ನಾದರೂ ಕೇಳಿ ಪಡೀಬೇಕು.

ಹಾಳೆ ತುಂಬಿದ ಮೇಲೆ ಅದೇ ಒಂದು ಇತಿಹಾಸದ ಪುಸ್ತಕದ ಹಾಗೆ ಕಂಡಿತು. 2020ರ ಮಾರ್ಚ್ ಕೊನೆಯಿಂದ ಸಾಲೇ ಇಲ್ಲ. ಲಾಕ್‌ಡೌನ್, ಏಪ್ರಿಲ್ 20ರವರೆಗೆ ದೇಶದಲ್ಲೇ ಹೆದ್ದಾರಿ ಟೋಲ್ ನಿಲ್ಲಿಸಿದ್ದರು. ಏಪ್ರಿಲ್ ಬಂದಾಗೆಲ್ಲ ದರ ಮೇಲಕ್ಕೆ. 2024ರಲ್ಲಿ ಮಾತ್ರ ಏಪ್ರಿಲ್ ಬದಲು ಜೂನ್‌ನಲ್ಲಿ ಏರಿದೆ, ಯಾಕೆಂದರೆ ಲೋಕಸಭೆ ಚುನಾವಣೆ ಇತ್ತು.

ನಾನು ಒಂದು ಕಾಲಂ ಹೆಚ್ಚಿಗೆ ಸೇರಿಸಿದ್ದೆ. ಕಾರಣ ಅಂತ. ಯಾಕೆ ಹೋದೆ ಅನ್ನೋದು ಬ್ಯಾಂಕಿನ ಲೆಕ್ಕದಲ್ಲಿ ಇರಲ್ಲವಲ್ಲ. ಹಬ್ಬ, ಮದುವೆ, ಆಫೀಸು, ಅಪ್ಪ.

2023ರ ಜೂನ್‌ನಲ್ಲಿ ಅಪ್ಪ ಅನ್ನೋ ಕಾರಣಕ್ಕೆ ಮೂರು ಸಲ. ಜುಲೈನಲ್ಲಿ ಎರಡು. ಆಗಸ್ಟ್ ಒಂದು. ಸೆಪ್ಟೆಂಬರ್ ಒಂದು. ಅಕ್ಟೋಬರ್ ಒಂದು. ನವೆಂಬರ್‌ನಲ್ಲಿ ದೀಪಾವಳಿಗೆ ಒಂದು, 14ಕ್ಕೆ ವಾಪಸ್. ಮುಂದಿನ ಸಾಲು ಜನವರಿ 13, ಸಂಕ್ರಾಂತಿಗೆ. ನಡುವೆ ಅರವತ್ತು ದಿನ. ಆಮೇಲೆ ಫೆಬ್ರವರಿಯದು ಒಂದು.

ಒಟ್ಟು ಹನ್ನೊಂದು. ಹದಿನೆಂಟಲ್ಲ.

ಡಿಸೆಂಬರ್ ಪೂರ್ತಿ ಖಾಲಿ ಅಂದ್ಕೋಬೇಡಿ. ಡಿಸೆಂಬರ್‌ನಲ್ಲಿ ರಾಯ್ಕಲ್‌ನಿಂದ ದೇವನಹಳ್ಳಿವರೆಗೆ ಎಂಟು ಸಾಲು, ವಾಪಸ್ ಎಂಟು ಸಾಲು. ಗೆಳೆಯನ ಮದುವೆ, ಜೊತೆಗೆ ಟೀಮಿನ ಮೀಟಿಂಗು. ಐನೂರಕ್ಕೂ ಹೆಚ್ಚು ಕಿಲೋಮೀಟರ್ ಹೋಗೋಕೆ ಪುರುಸೊತ್ತಿತ್ತು.

ಕೊನೆಯ ಸಾಲು ಫೆಬ್ರವರಿಯ ರಾತ್ರಿಯದು. ಕಮ್ಕೋಲ್ 2 ಗಂಟೆ 14 ನಿಮಿಷ. ಮಂಗಲಗಿ 3 ಗಂಟೆ 5 ನಿಮಿಷ. ಆ ರಾತ್ರಿ ಹೇಗೆ ಗಾಡಿ ಓಡಿಸಿದೆ ಅಂತ ನನಗೆ ಒಂದು ಚೂರೂ ನೆನಪಿಲ್ಲ. ಗೇಟಿಗೆ ನೆನಪಿದೆ.

ರಾತ್ರಿಯೆಲ್ಲ ಸುಂಕ ತಪ್ಪಿಸಿಕೊಳ್ಳೋಕೆ ಅಡ್ಡದಾರಿ ಹಿಡಿದ ವ್ಯಾಪಾರಿ, ಬೆಳಗಾಗುವಾಗ ನೋಡಿದರೆ ಸುಂಕದ ಗುಡಿಸಲ ಮುಂದೆಯೇ ನಿಂತಿದ್ದನಂತೆ. ಸಂಸ್ಕೃತದಲ್ಲಿ ಅದಕ್ಕೆ ಘಟ್ಟಕುಟೀಪ್ರಭಾತ ನ್ಯಾಯ ಅಂತಾರೆ. ಅಕ್ಕನ ಮಾತು ತಪ್ಪಿಸೋಕೆ ಹೋಗಿ ನಾನು ನಿಂತಿದ್ದು ಅಲ್ಲೇ.

ಸಾಕ್ಷಿ ಯಾರ ಪರ?

ಅದೇ ಬೇಸಿಗೆಯಲ್ಲಿ ಇನ್ನೊಂದು ಆಯಿತು. ಊರೊಳಗೆ ತಪಾಸಣೆ ಮಾಡೋರು ಕೆಎ ಪ್ಲೇಟ್ ನೋಡಿ ನಿಲ್ಲಿಸಿದರು. "ಎನ್ನಿ ರೋಜುಲಯ್ಯಿಂದಿ ಬಂಡಿ ಇಕ್ಕಡ?" ಮೋಟಾರು ವಾಹನ ಕಾಯಿದೆಯ 47ನೇ ಕಲಂ ಗೊತ್ತಿರಬಹುದು. ಬೇರೆ ರಾಜ್ಯದಲ್ಲಿ ಗಾಡಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಅಲ್ಲಿನ ನಂಬರ್ ತಗೋಬೇಕು. ನಾನು ಜಾಣತನ ಮಾಡಿ ಫೋನಿನಲ್ಲಿದ್ದ ಹಾಳೆ ತೆಗೆದು, ನೋಡಿ ಸಾರ್, ಮೊನ್ನೆ ಮೊನ್ನೆ ಗಡಿ ದಾಟಿ ಬಂದಿದ್ದೀನಿ ಅಂದೆ. ಅವರು ಸಾವಧಾನವಾಗಿ ಮೇಲಕ್ಕೂ ಕೆಳಕ್ಕೂ ಸರಿಸಿ ನೋಡಿದರು. ಎರಡು ದಿನಕ್ಕೆ ಹೋಗಿ ಬರ್ತೀರಿ, ಉಳಿದ ದಿನವೆಲ್ಲ ಇಲ್ಲೇ ಇರ್ತೀರಿ, ನಿಮ್ಮ ಲೆಕ್ಕವೇ ಹೇಳ್ತಿದೆಯಲ್ಲ ಅಂದರು. ಅವರು ಅಂದಿದ್ದು ಸರಿಯಾಗಿಯೇ ಇತ್ತು. 2019ರಿಂದ ಮುಂದೂಡಿದ ಕೆಲಸ, ತಪ್ಪು ನಂದೇ. ಕಲಬುರಗಿಯಿಂದ ಎನ್‌ಒಸಿ ತಂದು, ಇಲ್ಲಿ ತೆರಿಗೆ ಕಟ್ಟಿ, ಟಿಜಿ ನಂಬರ್ ತಗೊಂಡೆ. ಹೊಸದಾಗಿ ಕಾರು ತಗೊಳ್ಳೋರು, ನಿಮ್ಮ ಕಂಪನಿಗೆ ಬೇರೆ ಬೇರೆ ರಾಜ್ಯದಲ್ಲಿ ಆಫೀಸಿದ್ದರೆ, 2021ರಲ್ಲಿ ಬಂದ ಬಿಎಚ್ ಸರಣಿಯ ಬಗ್ಗೆ ವಿಚಾರಿಸಿ.

ಎರಡು ಸಲ ನಾನು ಈ ಲೆಕ್ಕವನ್ನ ಸಾಕ್ಷಿಗೆ ಕರೆದೆ, ಎರಡು ಸಲವೂ ಅದು ನನ್ನ ವಿರುದ್ಧವೇ ಸಾಕ್ಷಿ ಹೇಳಿತು. ಅಮೆರಿಕದಲ್ಲಿ ಇರೋ ನಮ್ಮವರಿಗೆ ಇದು ಹೊಸದಲ್ಲ. ಅಲ್ಲಿನ ಈಜಿ-ಪಾಸ್ ಲೆಕ್ಕವನ್ನು ವಿಚ್ಛೇದನದ ಕೇಸಿನಲ್ಲಿ ಕೋರ್ಟಿಗೆ ತಂದ ಉದಾಹರಣೆಗಳಿವೆ. ಯಾರು, ಎಲ್ಲಿಂದ, ಯಾವಾಗ ಅಂತ ಬರೆದಿಟ್ಟ ಕಾಗದ ಸುಂಕಕ್ಕೆ ಮಾತ್ರ ಬಳಕೆ ಆಗುತ್ತೆ ಅಂತ ಕೌಟಿಲ್ಯನ ಕಾಲದಲ್ಲೂ ಯಾರೂ ನಂಬಿರಲಿಕ್ಕಿಲ್ಲ. ಹಾಗಾಗಿ ನಿಮ್ಮ ಲೆಕ್ಕ ಯಾರ ಹತ್ತಿರ ಇದೆ ಅನ್ನೋದು ನಿಮಗೆ ಗೊತ್ತಿರಬೇಕು. ಸ್ಕ್ರೀನ್‌ಶಾಟ್ ತೆಗೆದು ಸಿಕ್ಕ ಗುಂಪಿಗೆಲ್ಲ ಹಾಕಬೇಡಿ.

ಹೊಸ ನಂಬರ್ ಬಂದ ಮೇಲೆ ಬ್ಯಾಂಕಿನವರು ಹಳೇ ಟ್ಯಾಗ್ ಮುಚ್ಚಿ ಹೊಸದು ಕೊಟ್ಟರು. ಪೋರ್ಟಲ್‌ನಲ್ಲಿ ಕೆಎ-32ರ ಲೆಕ್ಕ ಈಗ ತೆರೆಯೋದೇ ಇಲ್ಲ. ಮೊದಲೇ ಇಳಿಸಿಕೊಂಡಿರದಿದ್ದರೆ ಆ ಹನ್ನೊಂದು ಪ್ರಯಾಣವೂ ಹೋಗಿಬಿಡ್ತಿತ್ತು. ಆವಾಗ ಹೇಳಿದೆನಲ್ಲ, ಶಾಸನದಲ್ಲಿ ಸುಂಕ ಪಡೆದವನದೂ ಬಿಟ್ಟವನದೂ ಹೆಸರು ಉಳಿಯಿತು, ದಾಟಿಹೋದವನದು ಉಳಿಯಲಿಲ್ಲ ಅಂತ. ನಮ್ಮ ಅಜ್ಜ ಎಷ್ಟು ಸಲ ಆ ನಾಕಾ ದಾಟಿದರೋ ಯಾವ ಕಡತದಲ್ಲೂ ಇಲ್ಲ. ಸುಂಕದವನ ಪುಸ್ತಕದ ಒಂದು ಪ್ರತಿ ದಾಟಿಹೋಗುವವನ ಕೈಗೂ ಇಷ್ಟು ಸುಲಭವಾಗಿ ಸಿಗೋ ಕಾಲದಲ್ಲಿ ನಾವಿದ್ದೀವಿ. ಗಾಡಿ ಮಾರೋ ಮುಂಚೆ, ಬ್ಯಾಂಕ್ ಬದಲಿಸೋ ಮುಂಚೆ, ನಂಬರ್ ಬದಲಾಗೋ ಮುಂಚೆ ಅದನ್ನ ಇಳಿಸಿಟ್ಟುಕೊಳ್ಳಿ. ಕಾರಣ ಅನ್ನೋ ಕಾಲಂ ಒಂದನ್ನ ಸೇರಿಸಿ.

ಅಕ್ಕನಿಗೆ ಹಾಳೆ ತೋರಿಸಿದೆಯಾ ಅಂತ ನೀವು ಕೇಳ್ತೀರಿ. ತೋರಿಸಿದೆ. ಪಂಚಮಿ ಹಬ್ಬಕ್ಕೆ ಹೋದಾಗ ಲ್ಯಾಪ್‌ಟಾಪ್ ಅವಳ ಮುಂದಿಟ್ಟು, "ನೀ ಅಂದಿದ್ದು ಖರೇ ಅದ, ಅಕ್ಕ. ಬರೇ ಹನ್ನೊಂದು" ಅಂದೆ. ಅವಳು ಕನ್ನಡಕ ಹಾಕ್ಕೊಂಡು ಸಾಲು ಸಾಲಾಗಿ ನೋಡಿದಳು. ಫೆಬ್ರವರಿಯ ಸಾಲಿನಲ್ಲಿ ಬೆರಳು ನಿಲ್ಲಿಸಿ, "ಎರಡೂ ಹದಿನಾಲ್ಕಕ್ಕ ಇಲ್ಲಿದ್ದಿ? ನಾ ಫೋನ್ ಮಾಡಿದ್ದು ಒಂದಕ್ಕ" ಅಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಷ್ಟ್ ಜೋರ್ ಗಾಡಿ ಹೊಡಿಬ್ಯಾಡ ಇನ್ ಮ್ಯಾಲ" ಅಂತ ಹೇಳಿ ಚಹಾ ಇಡೋಕೆ ಒಳಗೆ ಹೋದಳು.